ದತ್ತುಮಗುವೂ ಸತ್ಯಮಾರ್ಗವೂ

ಕಳೆದ ಸುಗ್ಗಿಯ ಕಾಲದಲ್ಲಿ ನಮ್ಮ ಗ್ರಾಮಸಭೆಗಳಲ್ಲೊಂದಕ್ಕೆ ಸೇರಿದ ಗಂಡಹೆಂಡರು ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಬಳಿಗೆ ಬಂದು, ಬಹಳ ಹೊತ್ತು ಮಾತಾಡದೆ ಕೂತಿದ್ದು, ಕಡೆಗೆ ಒಂದು ಪ್ರಶ್ನೆಯನ್ನು ಕೇಳಿದರು. ಅವರಿಗೆ ಮದುವೆಯಾಗಿ ಹನ್ನೆರಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಪೇಟೆಯ ಒಂದು ಆಸ್ಪತ್ರೆಯಲ್ಲಿ ಕೆಲಸಮಾಡುವ ಆಯಾ ಒಬ್ಬಳು ಅವರಿಗೆ ಗುಟ್ಟಾಗಿ ಹೇಳಿಕಳುಹಿಸಿದ್ದೇನಂದರೆ: ಮದುವೆಯಾಗದ ಹುಡುಗಿಯೊಬ್ಬಳು ಇನ್ನು ಕೆಲವು ವಾರಗಳಲ್ಲಿ ಹೆರುವಳು; ಕೂಸನ್ನು ಯಾರಾದರೂ ತೆಗೆದುಕೊಂಡು ಹೋದರೆ ಸಾಕೆಂದು ಅವಳ ಮನೆಯವರ ಇಚ್ಛೆ; ಆಸ್ಪತ್ರೆಯ ಲೆಕ್ಕದಲ್ಲಿ ನೀವೇ ಹೆತ್ತಂತೆ ಹೆಸರು ಬರೆಸಿ ಜನನಪತ್ರವನ್ನು ಮಾಡಿಸಿಕೊಡಬಹುದು; ಅದಕ್ಕೆ ಇಂತಿಷ್ಟು ಹಣವಾಗುವದು. “ಅಯ್ಯನವರೇ, ಇದರಲ್ಲಿ ಪಾಪವೇನು? ಕೂಸಿಗೆ ಮನೆ ಸಿಕ್ಕುವದು, ಆ ಹುಡುಗಿಯ ಮಾನ ಉಳಿಯುವದು, ನಮ್ಮ ತೊಟ್ಟಿಲು ತುಂಬುವದು. ಇದರಿಂದ ಯಾರಿಗೆ ನಷ್ಟ?” ಎಂದು ಗಂಡನು ಕೇಳಿದನು. ಹೆಂಡತಿಯು ತಲೆಯೆತ್ತಲಿಲ್ಲ.

ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸಲಾರೆವು. ಮಕ್ಕಳಿಲ್ಲದವರ ದುಃಖವೆಷ್ಟೆಂಬದು ಮಕ್ಕಳುಳ್ಳವರಿಗೆ ತಿಳಿಯುವದು ಕಷ್ಟ. ಬಸುರಿಗೆ ಮಡಿಲು ತುಂಬುವ ಹೊತ್ತಿನಲ್ಲಿ ಅಂಥವಳನ್ನು ಹಿಂದಕ್ಕೆ ನಿಲ್ಲಿಸುವರು; ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಕರೆಯಲು ಮರೆತೆವೆನ್ನುವರು. ಹೊರಗಿನವರು ಮಾತ್ರವೇ ಹೀಗೆ ಮಾಡುವರೆಂದು ನಾವು ಹೇಳಿಕೊಳ್ಳುವಂತಿಲ್ಲ. ಭಾನುವಾರ ಕರ್ತನ ಭೋಜನದಲ್ಲಿ ಪಾಲುಗೊಂಡ ಬಾಯಿಯೇ ಸೋಮವಾರ ನಲ್ಲಿಯ ಬಳಿಯಲ್ಲಿ ಬಂಜೆಯೆಂಬ ಮಾತನ್ನು ಆಡುವದುಂಟು. ಹನ್ನಳು ದೇವಾಲಯದಲ್ಲಿ ಅತ್ತದ್ದನ್ನು ನಾವು ಓದುತ್ತೇವೆ; ನಮ್ಮ ಪಕ್ಕದ ಚಾಪೆಯಲ್ಲಿ ಕೂತು ಅಳುವವಳನ್ನು ಕಾಣುವದಿಲ್ಲ. ಆದಕಾರಣ ಆ ದಂಪತಿಗಳ ಆಶೆಯು ಪಾಪವೆಂದು ನಾವು ಹೇಳಲಿಲ್ಲ. ಪರರ ಕೂಸನ್ನು ತನ್ನದಾಗಿ ಎತ್ತಿಕೊಳ್ಳಲು ಬಯಸುವ ಮನಸ್ಸು ಒಳ್ಳೆಯದೇ. ಆದರೆ ಒಳ್ಳೆಯ ಮನಸ್ಸು ಯಾವ ಬಾಗಿಲಿನಿಂದ ಹೋಗುವದೆಂಬದನ್ನೂ ನೋಡಬೇಕು.

ಯಾರಿಗೆ ನಷ್ಟವೆಂದು ತಿಳಿಯಬೇಕಾದರೆ, ದತ್ತು ತೆಗೆದುಕೊಳ್ಳುವದು ಯಾರಿಗೋಸ್ಕರ ಎಂಬದನ್ನು ಮೊದಲು ವಿಚಾರಿಸಬೇಕು. ಪೂರ್ವಕಾಲದಲ್ಲಿ ಅದು ಬಹುತರವಾಗಿ ತೆಗೆದುಕೊಳ್ಳುವವರಿಗೋಸ್ಕರವೇ ಇತ್ತು. ವಂಶ ನಿಲ್ಲಬೇಕು, ಆಸ್ತಿಗೆ ಹಕ್ಕುದಾರನಿರಬೇಕು, ಸತ್ತ ಮೇಲೆ ಕ್ರಿಯೆಗಳನ್ನು ಮಾಡುವದಕ್ಕೆ ಮಗನಿರಬೇಕು ಎಂಬದಕ್ಕಾಗಿ ದತ್ತಕವು ನಡೆಯುತ್ತಿತ್ತು. ಆದದರಿಂದಲೇ ಗಂಡುಮಗುವನ್ನು ಮಾತ್ರ ಹುಡುಕುತ್ತಿದ್ದರು. 1824ರಲ್ಲಿ ಕಿತ್ತೂರಿನ ದೊರೆಯು ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ಮಾಡಿಕೊಂಡರು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಅದನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ಯುದ್ಧಕ್ಕೆ ನಿಂತಳು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡ ಬಾಲಕ ಚಾಮರಾಜೇಂದ್ರರನ್ನು ಸರಕಾರದವರು ಒಪ್ಪಿಕೊಂಡರು; 1881ರಲ್ಲಿ ರಾಜ್ಯವು ಅವರ ಕೈಗೆ ಬಂತು. ಒಂದು ಕಡೆ ಒಪ್ಪಲಿಲ್ಲ, ಇನ್ನೊಂದು ಕಡೆ ಒಪ್ಪಿದರು; ಆದರೆ ಎರಡು ಕಡೆಗಳಲ್ಲಿಯೂ ಕೇಳಿದ ಪ್ರಶ್ನೆಯು ಗಾದಿಯ ಮೇಲೆ ಯಾರು ಕೂತುಕೊಳ್ಳಬೇಕೆಂಬದೇ. ಆ ಬಾಲಕನ ಹಿತವು ಯಾವದರಲ್ಲಿದೆ ಎಂಬದು ವ್ಯಾಜ್ಯದ ವಿಷಯವಾಗಿರಲಿಲ್ಲ.

ರೋಮಾಯರಲ್ಲಿಯೂ ಹೀಗೆಯೇ ಇತ್ತು. ಲೂಕನ ಸುವಾರ್ತೆಯಲ್ಲಿ ನಾವು ಓದುವ ಔಗುಸ್ತ ಕೈಸರನು ಅದೇ ಸುವಾರ್ತೆಯಲ್ಲಿ ಹೇಳಿರುವ ತಿಬೇರಿಯನನ್ನು ಕ್ರಿ. ಶ. 4ರಲ್ಲಿ ದತ್ತು ತೆಗೆದುಕೊಂಡಾಗ ತಿಬೇರಿಯನಿಗೆ ನಾಲ್ವತ್ತು ವರ್ಷ ಮೀರಿತ್ತು. ಪೋಷಣೆ ಬೇಕಾಗಿದ್ದದ್ದು ಅವನಿಗಲ್ಲ. ಹಕ್ಕುದಾರನು ಬೇಕಾಗಿದ್ದದ್ದು ಕೈಸರನಿಗೆ. ಇಂಥ ಪದ್ಧತಿಯುಳ್ಳ ಜನರ ಮಧ್ಯದಲ್ಲಿ ಅಪೊಸ್ತಲನಾದ ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಎಫೆಸದವರಿಗೂ ಪತ್ರ ಬರೆಯುವಾಗ, ದೇವರು ನಮ್ಮನ್ನು ದತ್ತುಮಕ್ಕಳಾಗಿ ತೆಗೆದುಕೊಂಡನೆಂದು ಬೋಧಿಸಿದನು. ಆ ಬೋಧನೆಯಲ್ಲಿ ಪದ್ಧತಿಯು ತಲೆಕೆಳಗಾಯಿತು. ಯಾಕಂದರೆ ದೇವರಿಗೆ ಹಕ್ಕುದಾರನ ಕೊರತೆಯಿರಲಿಲ್ಲ. ನಮಗೆ ತಂದೆಯ ಕೊರತೆಯಿತ್ತು. ಈ ಒಂದು ಮಾತನ್ನು ಸರಿಯಾಗಿ ಗ್ರಹಿಸಿದವನು ದತ್ತಿನ ವಿಷಯದಲ್ಲಿ ಬಹಳ ತಪ್ಪಲಾರನು. ಮನೆಯಲ್ಲಿ ಮಗುವಿಲ್ಲವೆಂಬ ಕೊರತೆಯನ್ನು ತುಂಬಲಿಕ್ಕೆ ಮಗುವನ್ನು ಹುಡುಕುವದು ಒಂದು. ಮಗುವಿಗೆ ಮನೆಯಿಲ್ಲವೆಂಬ ಕೊರತೆಯನ್ನು ತುಂಬಲಿಕ್ಕೆ ಮನೆಯನ್ನು ತೆರೆಯುವದು ಇನ್ನೊಂದು. ಎರಡೂ ಒಂದೇ ಮನೆಯಲ್ಲಿ ಕೂಡಿ ಇರಬಹುದು. ಆದರೆ ಯಾವದು ಮುಂದೆ ನಡೆಯುವದೋ ಅದರ ಪ್ರಕಾರ ದಾರಿಯು ಬೇರೆಯಾಗುವದು.

ನಮ್ಮ ದೇಶದ ಕಾಯಿದೆಯೂ ನಿಧಾನವಾಗಿ ಈ ಎರಡನೆಯ ದಾರಿಗೆ ಬಂದಿರುವದು. ಇದು ನಮ್ಮ ಜನರಿಗೆ ಚೆನ್ನಾಗಿ ತಿಳಿದಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇವೆ. 1956ರ ಹಿಂದೂ ದತ್ತಕ ಕಾಯಿದೆಯು ಕ್ರೈಸ್ತರಿಗೆ ಸಲ್ಲುವದಿಲ್ಲ. ಆದಕಾರಣ ನಮ್ಮವರು ಬಹಳ ಕಾಲ 1890ರ ಪಾಲಕರ ಕಾಯಿದೆಯ ಪ್ರಕಾರ ಮಗುವಿಗೆ ಪಾಲಕರು ಮಾತ್ರ ಆಗಬಹುದಾಗಿತ್ತು. ಪಾಲಕನು ತಂದೆಯಲ್ಲ, ಮಗು ಪ್ರಾಯಕ್ಕೆ ಬಂದ ಕೂಡಲೆ ಆ ಸಂಬಂಧ ಮುಗಿಯುವದು, ಮಗನಿಗೆ ಬರುವ ಹಕ್ಕು ಅದಕ್ಕೆ ಬಾರದು. 2000ನೆಯ ಇಸವಿಯ ಬಾಲನ್ಯಾಯ ಕಾಯಿದೆಯು ಮತಭೇದವಿಲ್ಲದೆ ಎಲ್ಲರಿಗೂ ದತ್ತಿನ ಬಾಗಿಲನ್ನು ತೆರೆಯಿತು. 2014ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿ, ಯಾವ ಮತದವರಾದರೂ ಈ ಕಾಯಿದೆಯ ಪ್ರಕಾರ ದತ್ತು ತೆಗೆದುಕೊಳ್ಳಬಹುದೆಂದು ತೀರ್ಪುಕೊಟ್ಟಿತು. ಈಗ ನಡೆಯುತ್ತಿರುವದು 2015ರ ಬಾಲನ್ಯಾಯ ಕಾಯಿದೆ. ಇದರ ಪ್ರಕಾರ ದತ್ತಾದ ಮಗುವು ಆಜ್ಞೆಯಾದ ದಿನದಿಂದ ಎಲ್ಲಾ ವಿಷಯಗಳಲ್ಲಿಯೂ ಆ ತಂದೆತಾಯಿಗಳ ಮಗುವೇ ಆಗುವದು. ಬಾಧ್ಯತೆಯ ಹಕ್ಕೂ ಅದಕ್ಕೆ ಉಂಟು. ಮೊದಲು ಕಾನೂನಿನ ದಾರಿಯಿಲ್ಲದೆ ಗುಟ್ಟಾಗಿ ಸಾಕಿದ ಹಿರಿಯರಿಗೆ ಒಂದು ನೆವವಾದರೂ ಇತ್ತು. ನಮಗೆ ಅದೂ ಇಲ್ಲ.

ಆ ದಾರಿಯು ಹೀಗಿದೆ. ದೇಶಕ್ಕೆಲ್ಲಾ ಒಂದೇ ಪಟ್ಟಿಯುಂಟು. ಅದನ್ನು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದವರು ನಡಿಸುವರು. ಅಂತರ್ಜಾಲದ ಮೂಲಕ ಹೆಸರನ್ನು ದಾಖಲುಮಾಡಬೇಕು. ಕಂಪ್ಯೂಟರಿನ ಕೆಲಸ ತಿಳಿಯದವರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಹೋದರೆ ಅಲ್ಲಿ ಸಹಾಯ ಮಾಡುವರು. ಫೋಟೋ, ಪ್ಯಾನ್ ಕಾರ್ಡು, ವಯಸ್ಸು ವಾಸಸ್ಥಳ ಆದಾಯಗಳ ದಾಖಲೆ, ಮದುವೆಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ ಇವು ಬೇಕು. ದಂಪತಿಗಳಾದರೆ 2 ವರ್ಷವಾದರೂ ಸ್ಥಿರವಾದ ಸಂಸಾರ ನಡಿಸಿರಬೇಕು, ಇಬ್ಬರ ಒಪ್ಪಿಗೆಯೂ ಇರಬೇಕು. ಮಗುವಿಗಿಂತ ತಂದೆಯೂ ತಾಯಿಯೂ ತಲಾ 25 ವರ್ಷಕ್ಕೆ ಕಡಮೆಯಿಲ್ಲದೆ ದೊಡ್ಡವರಾಗಿರಬೇಕು. 2 ವರ್ಷದೊಳಗಿನ ಕೂಸು ಬೇಕಾದರೆ ಗಂಡಹೆಂಡರ ವಯಸ್ಸನ್ನು ಕೂಡಿಸಿದಾಗ 85 ಮೀರಬಾರದು. ಮಗುವು ದೊಡ್ಡದಾದಷ್ಟು ಈ ಮಿತಿಯೂ ಹೆಚ್ಚುವದು. 8 ವರ್ಷ ದಾಟಿದ ಮಗುವಿಗೆ 110ರ ವರೆಗೆ ಆಗಬಹುದು. ಒಬ್ಬಂಟಿಗಳಾದ ಸ್ತ್ರೀಯರೂ ತೆಗೆದುಕೊಳ್ಳಬಹುದು. ಒಬ್ಬಂಟಿಗನಾದ ಗಂಡಸಿಗೆ ಹೆಣ್ಣುಮಗುವನ್ನು ಕೊಡುವದಿಲ್ಲ.

ಅನಂತರ ಸಮಾಜಕಾರ್ಯಕರ್ತರು ಮನೆಗೆ ಬಂದು ನೋಡುವರು. ಇದನ್ನು ಕೆಲವರು ಅವಮಾನವೆಂದು ಭಾವಿಸುತ್ತಾರೆ. “ನಮ್ಮ ಮನೆಯನ್ನು ಪರೀಕ್ಷೆಮಾಡಲು ಇವರು ಯಾರು?” ಎಂದು ಒಬ್ಬ ಹಿರಿಯರು ನಮ್ಮನ್ನು ಕೇಳಿದರು. ಅವರು ತಮ್ಮ ಮಗಳನ್ನು ಕೊಡುವಾಗ ಗಂಡಿನ ಮನೆಗೆ ಮೂರು ಸಾರಿ ಹೋಗಿ, ಕಣಜವನ್ನೂ ಕೊಟ್ಟಿಗೆಯನ್ನೂ ನೋಡಿ, ಊರವರನ್ನು ವಿಚಾರಿಸಿ ಬಂದದ್ದನ್ನು ನಾವು ನೆನಪಿಗೆ ತಂದೆವು. ತಂದೆಯುಳ್ಳ ಹುಡುಗಿಗಾಗಿ ತಂದೆಯು ಮಾಡುವದನ್ನು ತಂದೆಯಿಲ್ಲದ ಕೂಸಿಗಾಗಿ ಬೇರೆ ಯಾರಾದರೂ ಮಾಡಬೇಕಷ್ಟೆ. ಹುಲ್ಲು ಹೊದಿಸಿದ ಮನೆಯೆಂದು ನಾಚಿಕೊಳ್ಳಬೇಕಾಗಿಲ್ಲ. ಸಾಲವನ್ನೂ ರೋಗವನ್ನೂ ಜಗಳವನ್ನೂ ಮರೆಮಾಡುವದೇ ನಾಚಿಕೆ.

ಮನೆಯ ವರದಿಯಾದ ಮೇಲೆ ಸರದಿ ಬರುವ ತನಕ ಕಾಯಬೇಕು. ಮಗುವಿನ ವಿವರವು ಬಂದಾಗ 48 ಗಂಟೆಯೊಳಗೆ ಒಪ್ಪಿಗೆಯನ್ನು ತಿಳಿಸಬೇಕು; ಆಮೇಲೆ ದತ್ತು ಸಂಸ್ಥೆಗೆ ಹೋಗಿ ಮಗುವನ್ನು ಕಾಣಬಹುದು. ಕೆಲವು ಕಾಲ ಪೋಷಣೆಗಾಗಿ ಮಗುವನ್ನು ಮನೆಗೆ ಕೊಡುವರು. ಜಿಲ್ಲಾಧಿಕಾರಿಗಳು ವಿಚಾರಿಸಿ ಆಜ್ಞೆಯನ್ನು ಮಾಡುವರು. ಮೊದಲು ಈ ಆಜ್ಞೆಯು ನ್ಯಾಯಾಲಯದಿಂದ ಆಗಬೇಕಾಗಿತ್ತು; 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿಗಳಿಗೆ ಈ ಅಧಿಕಾರವು ಬಂದಿದೆ. ಅವರು ನೋಡತಕ್ಕ ಮುಖ್ಯ ಸಂಗತಿಗಳು ಮೂರು: ಇದು ಮಗುವಿನ ಹಿತಕ್ಕಾಗಿ ಇದೆಯೋ, ಮಗು ತಿಳುವಳಿಕೆಯುಳ್ಳದ್ದಾದರೆ ಅದರ ಮನಸ್ಸೇನು, ಗೊತ್ತುಮಾಡಿದ ಶುಲ್ಕದ ಹೊರತು ಯಾರಾದರೂ ಹಣವನ್ನು ಕೊಟ್ಟಿದ್ದಾರೋ ತಕ್ಕೊಂಡಿದ್ದಾರೋ. ಆಜ್ಞೆಯಾದ ಮೇಲೆ ದತ್ತು ತಂದೆತಾಯಿಗಳ ಹೆಸರಿನಲ್ಲಿಯೇ ಜನನಪತ್ರವು ಸಿಕ್ಕುವದು. ಆ ಬಳಿಕ 2 ವರ್ಷಗಳ ತನಕ ಆರು ತಿಂಗಳಿಗೊಮ್ಮೆ ಬಂದು ಮಗುವಿನ ಕ್ಷೇಮವನ್ನು ನೋಡುವರು. ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮುದ್ರೆ ಹಾಕಿಸಿಕೊಂಡರೆ ದತ್ತಾಯಿತೆಂದು ನಮ್ಮ ಹಳ್ಳಿಗಳಲ್ಲಿ ಅನೇಕರು ನಂಬಿದ್ದಾರೆ. ಕ್ರೈಸ್ತರಿಗೆ ಅಂಥ ಕಾಗದದಿಂದ ಮಗುವು ಮಗುವಾಗುವದಿಲ್ಲ.

ಒಡಹುಟ್ಟಿದವರ ಮಗುವನ್ನು ತೆಗೆದುಕೊಳ್ಳುವವರೂ ಇದನ್ನು ತಿಳಿಯಬೇಕು. ದೊಡ್ಡಪ್ಪ ಚಿಕ್ಕಪ್ಪಂದಿರು, ಅತ್ತೆ, ಸೋದರಮಾವ, ಚಿಕ್ಕಮ್ಮ ದೊಡ್ಡಮ್ಮಂದಿರು, ಅಜ್ಜ ಅಜ್ಜಿಯರು ಇಂಥವರಿಗೆ ಕಾಯಿದೆಯು ಬೇರೊಂದು ಸುಲಭವಾದ ದಾರಿಯನ್ನು ಇಟ್ಟಿದೆ. ಅವರು ಸರದಿಯಲ್ಲಿ ಕಾಯಬೇಕಾಗಿಲ್ಲ. ಆದರೆ ಹೆತ್ತವರ ಒಪ್ಪಿಗೆಯೂ, 5 ವರ್ಷ ದಾಟಿದ ಮಗುವಿನ ಒಪ್ಪಿಗೆಯೂ, ಜಿಲ್ಲಾಧಿಕಾರಿಗಳ ಆಜ್ಞೆಯೂ ಬೇಕು. “ನಮ್ಮೊಳಗೇ ಇರುವ ಮಗು, ಕಾಗದ ಯಾಕೆ?” ಎನ್ನುತ್ತಾರೆ. ದೊಡ್ಡಪ್ಪನು ತೀರಿಕೊಂಡು ಜಮೀನಿನ ಪಾಲು ಆಗುವ ದಿನ ಆ ಮಗುವನ್ನು ಅಂಗಳದಲ್ಲಿ ನಿಲ್ಲಿಸುವವರೂ ನಮ್ಮೊಳಗೇ ಇರುವವರು.

ಈಗ ಆ ಗಂಡನ ಪ್ರಶ್ನೆಗೆ ಬರೋಣ. ಯಾರಿಗೆ ನಷ್ಟ?

ಮೊದಲನೆಯದಾಗಿ, ಹೆತ್ತವಳಿಗೆ. ಮಗುವನ್ನು ಸಾಕಲಾರದ ತಾಯಿಯು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅದನ್ನು ಒಪ್ಪಿಸಬಹುದು; ಅವಳ ಹೆಸರನ್ನು ಗುಪ್ತವಾಗಿ ಇಡುವರು. ಒಪ್ಪಿಸಿದ ಮೇಲೆಯೂ ತಿರಿಗಿ ಯೋಚಿಸುವದಕ್ಕೆ 60 ದಿನಗಳನ್ನು ಕಾಯಿದೆಯು ಅವಳಿಗೆ ಕೊಟ್ಟಿದೆ. ಅಷ್ಟರೊಳಗೆ ಅವಳ ಮನಸ್ಸು ತಿರುಗಿದರೆ, ಮಗು ಅವಳದೇ. ಕಾಯುವವರಿಗೆ ಆ ದಿನಗಳು ಉದ್ದವಾಗಿ ತೋರಬಹುದು. ಆದರೆ ಅವು ನಮ್ಮ ದಿನಗಳಲ್ಲ, ಅವಳ ದಿನಗಳು. ಹೆರಿಗೆಯ ನೋವಿನಲ್ಲಿಯೂ ಮನೆಯವರ ಭಯದಲ್ಲಿಯೂ ಇರುವ ಹುಡುಗಿಯ ಕೈಯಿಂದ ಅದೇ ರಾತ್ರಿ ಕೂಸನ್ನು ತೆಗೆದುಕೊಂಡು ಹೋಗುವವನು ಆ 60 ದಿನಗಳನ್ನು ಕದ್ದುಕೊಂಡು ಹೋಗುವನು. ಬಿಟ್ಟುಹೋದ ಕೂಸಿನ ವಿಷಯದಲ್ಲಿಯೂ ಹೀಗೆಯೇ. 2 ವರ್ಷದೊಳಗಿನದಾದರೆ 2 ತಿಂಗಳು, ಅದಕ್ಕಿಂತ ದೊಡ್ಡದಾದರೆ 4 ತಿಂಗಳು ಹೆತ್ತವರನ್ನು ಹುಡುಕುವ ಅವಧಿಯುಂಟು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ತಾಯಿಯು ಎಲ್ಲಿಯೋ ಅಳುತ್ತಿರಬಹುದಷ್ಟೆ.

ಎರಡನೆಯದಾಗಿ, ಬೇರೆ ಮಕ್ಕಳಿಗೆ. ಒಂದು ಕೂಸಿಗೆ ಹಣ ಕೊಟ್ಟವನು ತಾನು ಕೊಂಡುಕೊಂಡೆನೆಂದು ಎಣಿಸುವದಿಲ್ಲ. ಉಪಕಾರಕ್ಕೆ ಕೊಟ್ಟೆನೆಂದು ಹೇಳುವನು. ಆದರೆ ತೆಗೆದುಕೊಂಡವಳಿಗೆ ಕೂಸಿಗೆ ಬೆಲೆಯುಂಟೆಂದು ತಿಳಿಯಿತು. ಮುಂದಿನ ಸಾರಿ ಕೂಸು ತಾನಾಗಿ ಬಾರದಿದ್ದರೆ, ಬಡವಳ ಮಗ್ಗುಲಿಂದ ಬರುವದು. ಮಕ್ಕಳನ್ನು ಮಾರುವದಕ್ಕೂ ಕೊಳ್ಳುವದಕ್ಕೂ ಕಾಯಿದೆಯಲ್ಲಿ 5 ವರ್ಷಗಳ ವರೆಗೆ ಸೆರೆ ಉಂಟು. ಆಸ್ಪತ್ರೆಯಲ್ಲಿದ್ದು ಮಗುವಿನ ಪಾಲನೆಯು ಕೈಯಲ್ಲಿದ್ದವರು ಮಾಡಿದರೆ 3ರಿಂದ 7 ವರ್ಷ. ಶಿಕ್ಷೆಯ ಭಯದಿಂದ ಮಾತ್ರ ಸುಮ್ಮನಿರುವದು ಕ್ರೈಸ್ತನಿಗೆ ತಕ್ಕದ್ದಲ್ಲವಾದರೂ, ಶಿಕ್ಷೆ ಯಾಕೆ ಇಟ್ಟಿದೆಯೆಂಬದನ್ನು ತಿಳಿಯುವದು ತಕ್ಕದ್ದೇ.

ಮೂರನೆಯದಾಗಿ, ಆ ಕೂಸಿಗೇ. ಇದೇ ದೊಡ್ಡ ನಷ್ಟ. ಸುಳ್ಳು ಜನನಪತ್ರದ ಮೇಲೆ ನಿಂತ ಮಗುವಿಗೆ ತನ್ನ ಮೂಲವನ್ನು ಕೇಳುವ ದಾರಿಯೇ ಇಲ್ಲ. ಕಾಯಿದೆಯ ಪ್ರಕಾರ ದತ್ತಾದ ಮಗುವಿನ ಕಾಗದಗಳನ್ನು ಕಾದಿಡುವರು; ಅದು 18 ವರ್ಷ ತುಂಬಿದ ಮೇಲೆ ಬೇಕೆಂದರೆ ತನ್ನ ಮೂಲವನ್ನು ವಿಚಾರಿಸಬಹುದು. ಗುಟ್ಟಾಗಿ ತಂದ ಮಗುವಿನ ವಿಷಯ ಹಾಗಲ್ಲ. ಅದರ ತಂದೆತಾಯಿಗಳು ಜೀವಮಾನವೆಲ್ಲಾ ಒಂದು ಬಾಗಿಲಿಗೆ ಬೆನ್ನುಕೊಟ್ಟು ನಿಲ್ಲಬೇಕು. ಹಳ್ಳಿಯಲ್ಲಿ ಇಂಥ ಬಾಗಿಲು ನಿಲ್ಲುವದೂ ಇಲ್ಲ. ಯಾರ ಹೊಟ್ಟೆಯನ್ನೂ ಯಾರೂ ನೋಡದೆ ಇರುವ ಊರು ನಮ್ಮಲ್ಲಿಲ್ಲ. ನಾಲ್ಕು ವರ್ಷದ ಮಗುವಿಗೆ ತಾಯಿಯು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ ಸತ್ಯವು ಕಥೆಯಂತೆ ಒಳಗೆ ಸೇರುವದು. ಅದೇ ಸತ್ಯವು ಹದಿನೆಂಟನೆಯ ವರ್ಷದಲ್ಲಿ ಬದುವಿನ ಜಗಳದಲ್ಲಿ ನೆರೆಯವನ ಬಾಯಿಂದ ಬಂದರೆ ಕೊಡಲಿಯ ಏಟಿನಂತೆ ಬೀಳುವದು. ಆಗ ಅವನು, “ಇದನ್ನು ಮುಚ್ಚಿದವರು ಇನ್ನೇನನ್ನು ಮುಚ್ಚಿದ್ದಾರೋ?” ಎಂದು ಯೋಚಿಸುವನು, ನಿಜವಾಗಿದ್ದ ಪ್ರೀತಿಯ ಮೇಲೆಯೂ ಸಂಶಯಪಡುವನು.

ಈ ವಿಷಯದಲ್ಲಿ ಸತ್ಯವೇದವು ನಮಗೆ ಎರಡು ಮನೆಗಳನ್ನು ತೋರಿಸುತ್ತದೆ. ಫರೋಹನ ಕುಮಾರ್ತೆಯು ನದಿಯಲ್ಲಿ ಸಿಕ್ಕಿದ ಕೂಸು ಇಬ್ರಿಯರದೆಂದು ನೋಡಿದ ಕ್ಷಣವೇ ಅರಿತಳು, ಅದನ್ನು ಮರೆಮಾಡಲಿಲ್ಲ. ನೀರಿನಿಂದ ಎಳೆದದ್ದನ್ನೇ ಜ್ಞಾಪಕಮಾಡಿ ಮೋಶೆಯೆಂದು ಹೆಸರಿಟ್ಟಳು. ಆ ಹುಡುಗನನ್ನು ಯಾರಾದರೂ ಕರೆದಾಗಲೆಲ್ಲಾ ಅವನ ಮೂಲವೇ ಅವನ ಕಿವಿಗೆ ಬೀಳುತ್ತಿತ್ತು. ಆದರೂ ಅವನು ಆಕೆಯ ಮಗನಾಗಿಯೇ ಬೆಳೆದನು. ಮೊರ್ದೆಕೈಯು ತಂದೆತಾಯಿಗಳಿಲ್ಲದ ಎಸ್ತೇರಳನ್ನು ಮಗಳಾಗಿ ಸಾಕಿದನು. ಆದರೂ ಅವಳು ಅಬೀಹೈಲನ ಮಗಳೆಂಬ ಮಾತನ್ನು ಆ ಗ್ರಂಥವು ಅಳಿಸಲಿಲ್ಲ. ರಾಣಿಯಾದ ಮೇಲೆಯೂ ಅವಳನ್ನು ಹಾಗೆಯೇ ಹೆಸರಿಸುತ್ತದೆ. ಸಾಕಿದವನ ಗೌರವವು ಇದರಿಂದ ಕಡಮೆಯಾಗಲಿಲ್ಲ.

ಇಷ್ಟು ಹೇಳುವಾಗ ಆ ಗಂಡನು ನಮ್ಮನ್ನು ತಡೆದು, “ಅಯ್ಯನವರೇ, ಐಗುಪ್ತದ ಸೂಲಗಿತ್ತಿಯರೂ ಕೂಸುಗಳಿಗಾಗಿ ಸುಳ್ಳು ಹೇಳಿದರಲ್ಲವೇ? ದೇವರು ಅವರಿಗೆ ಒಳ್ಳೇದನ್ನೇ ಮಾಡಿದನಲ್ಲಾ” ಎಂದನು. ಅವನು ಸತ್ಯವೇದವನ್ನು ಓದುವವನೆಂದು ನಮಗೆ ಸಂತೋಷವಾಯಿತು, ಪ್ರಶ್ನೆಯೂ ಹಗುರವಾದದ್ದಲ್ಲ. ನಾವು ಕೊಟ್ಟ ಉತ್ತರವಿದು: ಅವರು ಕೊಲ್ಲುವವನಿಗೆ ಸುಳ್ಳು ಹೇಳಿದರು, ನೀವು ಹೇಳಬೇಕಾದದ್ದು ನಿಮ್ಮ ಮಗುವಿಗೆ. ಅವರ ಸುಳ್ಳಿನಿಂದ ಕೂಸು ಕತ್ತಿಗೆ ತಪ್ಪಿತು. ಇಲ್ಲಿ ಕತ್ತಿಯಿಲ್ಲ, ಆ ಕೂಸಿಗೆ ನೆಟ್ಟಗಿನ ಒಂದು ದಾರಿ ತೆರೆದೇ ಇದೆ. ನಿಮ್ಮ ಸುಳ್ಳು ಉಳಿಸುವದು ಅದರ ಜೀವವನ್ನಲ್ಲ, ನಿಮ್ಮ ಕಾಯುವ ಕಾಲವನ್ನು. ಅವನು ಸುಮ್ಮನಾದನು. ಒಪ್ಪಿ ಸುಮ್ಮನಾದನೋ ದುಃಖದಿಂದ ಸುಮ್ಮನಾದನೋ ನಮಗೆ ಆಗ ತಿಳಿಯಲಿಲ್ಲ.

ಕಾಯುವ ಕಾಲವು ಸಣ್ಣದೆಂದು ನಾವು ಹೇಳುವದಿಲ್ಲ. ಪಟ್ಟಿಯಲ್ಲಿ ಮೂವತ್ತು ಸಾವಿರಕ್ಕೆ ಮಿಕ್ಕಿ ಮನೆಗಳು ಕಾದಿರುವಾಗ, 2023–24ರಲ್ಲಿ ದೇಶದಲ್ಲೆಲ್ಲಾ ದತ್ತಾದ ಮಕ್ಕಳು ಸುಮಾರು 4,000 ಮಾತ್ರ. ಎಳೆಗೂಸೇ ಬೇಕೆಂದರೆ ಮೂರು ವರ್ಷಕ್ಕೂ ಹೆಚ್ಚಾಗಬಹುದು. ಆದರೆ ಅದೇ ಹೊತ್ತಿನಲ್ಲಿ ಐದಾರು ವರ್ಷ ದಾಟಿದ ಮಕ್ಕಳೂ, ಒಡಹುಟ್ಟಿದವರೊಂದಿಗೆ ಕೂಡಿರುವ ಮಕ್ಕಳೂ, ಕಾಲು ಕಣ್ಣು ಊನವಾದ ಮಕ್ಕಳೂ ಯಾರಾದರೂ ಬರುವರೋ ಎಂದು ನೋಡುತ್ತಾ ಇದ್ದಾರೆ. ಮಗುವಿಗೆ ಮನೆಯಿಲ್ಲವೆಂಬ ಕೊರತೆಯನ್ನು ಮುಂದಿಟ್ಟುಕೊಂಡವರು ಈ ಮಾತನ್ನೂ ಯೋಚಿಸಬೇಕು. ಎಲ್ಲರಿಗೂ ಆ ಶಕ್ತಿಯಿಲ್ಲ. ಶಕ್ತಿಯಿಲ್ಲದೆ ತೆಗೆದುಕೊಂಡು ಮಗುವನ್ನು ಹಿಂದಕ್ಕೆ ಕಳುಹಿಸುವದು ತೆಗೆದುಕೊಳ್ಳದೆ ಇರುವದಕ್ಕಿಂತ ಕೆಟ್ಟದ್ದು. ಆದದರಿಂದ ಪ್ರತಿಯೊಬ್ಬರು ತಮ್ಮ ಬಲವನ್ನು ದೇವರ ಮುಂದೆ ಅಳೆದು ನೋಡಲಿ. ಮನೆಗೆಲಸಕ್ಕೆ ಒಂದು ಹುಡುಗಿ ಸಿಕ್ಕಿದಂತಾಯಿತೆಂದು ಯೋಚಿಸುವವರು ಮಾತ್ರ ಈ ದಾರಿಗೆ ಕಾಲಿಡದೆ ಇರಲಿ.

ಸಭೆಯವರಿಗೆ ನಾವು ಹೇಳತಕ್ಕ ಮಾತೊಂದು ಉಳಿದಿದೆ. ಯಾರಾದರೂ ದತ್ತು ತೆಗೆದುಕೊಂಡರೆಂದು ಕೇಳಿದ ಕೂಡಲೆ ನಮ್ಮ ಜನರು ಕೇಳುವ ಮೊದಲನೆಯ ಪ್ರಶ್ನೆ ಏನಂದರೆ, “ಯಾರದೋ? ಯಾವ ಜಾತಿಯದೋ?” ಎಂಬದೇ. ಪ್ರಿಯರೇ, ನಮ್ಮ ಅಜ್ಜಂದಿರು ದೀಕ್ಷಾಸ್ನಾನದ ನೀರಿನಲ್ಲಿ ಬಿಟ್ಟುಬಂದದ್ದನ್ನು ನಾವು ಒಂದು ಕೂಸಿನ ಹಣೆಯಲ್ಲಿ ಹುಡುಕಬಹುದೋ? 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ, ಧಾರವಾಡ, ಮೈಸೂರು ಸೀಮೆಗಳಲ್ಲಿ ತಂದೆತಾಯಿಗಳನ್ನು ಕಳಕೊಂಡ ಮಕ್ಕಳನ್ನು ಮಿಶನಿನವರು ಅನಾಥಶಾಲೆಗಳಲ್ಲಿ ಸೇರಿಸಿ ಸಾಕಿದರು. ಅವರ ಸಂತತಿಯವರು ನಮ್ಮ ಸಭೆಗಳಲ್ಲಿದ್ದಾರೆ. ಅವರು ಯಾರ ಮಕ್ಕಳೆಂದು ನಾವು ಇಂದು ಕೇಳುವದಿಲ್ಲ. ಕೇಳಿದರೆ ನಮ್ಮಲ್ಲಿ ಕೆಲವರು ನಮ್ಮನ್ನೇ ಕೇಳಿಕೊಳ್ಳಬೇಕಾಗುವದು. ಇನ್ನು ಮದುವೆಯಾಗದೆ ಬಸುರಾದ ಹುಡುಗಿಯನ್ನು ಸಭೆಯಿಂದ ಓಡಿಸುವವರು ಆಯಾಳ ವ್ಯಾಪಾರಕ್ಕೆ ಸರಕು ಕೊಡುವವರೆಂದು ತಿಳಿಯಿರಿ. ಅವಳ ತಪ್ಪನ್ನು ತಪ್ಪೆಂದೇ ಹೇಳೋಣ. ಆದರೆ ಬಾಗಿಲನ್ನು ಮುಚ್ಚದೆ ಹೇಳೋಣ. ಬಿಟ್ಟುಹೋದ ಕೂಸನ್ನು ಎಲ್ಲಿಯಾದರೂ ಕಂಡವರು ಮನೆಗೆ ಒಯ್ದು ಇಟ್ಟುಕೊಳ್ಳದೆ, 1098 ಎಂಬ ಮಕ್ಕಳ ಸಹಾಯವಾಣಿಗಾಗಲಿ ಪೊಲೀಸರಿಗಾಗಲಿ ಕೂಡಲೆ ತಿಳಿಸಬೇಕು. 24 ಗಂಟೆಯೊಳಗೆ ಅದು ಸಮಿತಿಯ ಮುಂದೆ ಬರಬೇಕೆಂದು ಕಾಯಿದೆಯುಂಟು.

ಆ ದಂಪತಿಗಳ ಸಂಗತಿಯನ್ನು ಮುಗಿಸುತ್ತೇವೆ. ಎರಡು ದಿನ ಕಳೆದ ಮೇಲೆ ಹೆಂಡತಿಯು ಒಬ್ಬಳೇ ಬಂದು, “ಅಯ್ಯನವರೇ, ಮಗುವು ನನ್ನನ್ನು ಅವ್ವಾ ಎಂದು ಕರೆದಾಗಲೆಲ್ಲಾ ನಾನು ಹೆದರಿಕೊಳ್ಳಬೇಕಾದರೆ ಅಂಥ ಕರೆ ನನಗೆ ಬೇಡ” ಎಂದಳು. ಅವರಿಬ್ಬರ ಒಪ್ಪಿಗೆಯಿಂದ ನಾವು 1098ಕ್ಕೆ ತಿಳಿಸಿದೆವು. ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದವರು ಆ ಹುಡುಗಿಯನ್ನು ಕಂಡು ಅವಳಿಗಿರುವ ದಾರಿಗಳನ್ನು ತಿಳಿಸಿದರು. ಅವಳು ಯಾವದನ್ನು ಆರಿಸಿಕೊಂಡಳೆಂದು ನಾವು ಕೇಳಲಿಲ್ಲ. ಕೇಳುವ ಹಕ್ಕು ನಮಗಿಲ್ಲ. ದಂಪತಿಗಳು ತಮ್ಮ ಹೆಸರನ್ನು ಪಟ್ಟಿಯಲ್ಲಿ ಬರೆಸಿದ್ದಾರೆ. ಗಂಡನು ಹೋದ ತಿಂಗಳಲ್ಲಿ, ಆರು ವರ್ಷದೊಳಗಿನ ಮಗುವಾದರೂ ಆಗಬಹುದು, ಹೆಣ್ಣಾದರೂ ಆಗಬಹುದು ಎಂದು ಬರೆಸಿ ಬಂದನು. ಮನೆಯನ್ನು ನೋಡುವವರು ಬಂದುಹೋದರು. ಈಗ ಅವರು ಕಾಯುತ್ತಿದ್ದಾರೆ.

ಸಭೆಯವರೇ, ಅವರ ಸಂಗಡ ಕಾಯಿರಿ. ಮಡಿಲು ತುಂಬುವ ದಿನ ಆಕೆಯನ್ನು ಮುಂದಕ್ಕೆ ಕರೆಯಿರಿ. ಮಗು ಬಂದ ದಿನ ಅದು ಯಾರದೆಂದು ಕೇಳಬೇಡಿರಿ, ಅದು ಅವರದೇ.